ಬಡ ತಂಡಕ್ಕೊಬ್ಬ ದುಬಾರಿ ಬೌಲರ್

ಅಮೆರಿಕದಲ್ಲಿರುವ ಒಬ್ಬ ಕೋಟ್ಯಧಿಪತಿಯ ಮೇಲೆ ನಮ್ಮ ಭಾವನಿಗೆ ಹಲವು ವರ್ಷಗಳಿಂದ ವೈಯಕ್ತಿಕ ದ್ವೇಷವಿದೆ. ಜಾಗದ ತಕರಾರಲ್ಲ, ಸಂಬಂಧ ಮುರಿದ ಸಿಟ್ಟೂ ಅಲ್ಲ. ಆತ ಒಂದು ಬೇಸ್‌ಬಾಲ್ ತಂಡದ ಮಾಲೀಕ, ಅದನ್ನು ಆತ ನಡೆಸುವ ರೀತಿ ಭಾವನಿಗೆ ಸರಿಬರುವುದಿಲ್ಲ, ಅಷ್ಟೇ. ಇಬ್ಬರೂ ಮುಖ ನೋಡಿಕೊಂಡದ್ದಿಲ್ಲ. ದ್ವೇಷ ಪೂರ್ತಿಯಾಗಿ ಒಂದೇ ಕಡೆಯದು. ಮಾಲೀಕನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾರ್ಕಳದ ಕಡೆಯವರು. ಮಸ್ಕತ್ತಿನ ಘಾಲಾದಲ್ಲಿ ಗಾಡಿಗಳ ಬಿಡಿಭಾಗಗಳ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಇಪ್ಪತ್ತೆಂಟು ವರ್ಷಗಳಿಂದ ಒಮಾನಿನಲ್ಲಿದ್ದಾರೆ. ಅವರು ಎರಡನೇ ಮಹಡಿಯಲ್ಲಿ, ನಾನು ಒಂದನೇ ಮಹಡಿಯಲ್ಲಿ. ನಾನು ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ, ಮದುವೆಯಾಗಿಲ್ಲ, ಆದ್ದರಿಂದ ನನ್ನ ತಿಂಡಿ ಊಟ ಎಲ್ಲ ಅಕ್ಕನ ಮನೆಯಲ್ಲೇ. ಹಾಗಾಗಿ ನಾನು ಈಗ ಹೇಳಲಿರುವುದಕ್ಕೆಲ್ಲ ಕಣ್ಣಾರೆ ಸಾಕ್ಷಿ, ಮತ್ತು ಬಾಯಲ್ಲಿ ದೋಸೆ ಇಟ್ಟುಕೊಂಡ ಸಾಕ್ಷಿ.

ಕಾರ್ಕಳದವನಿಗೂ ಬೇಸ್‌ಬಾಲಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ಭಾವ ಚಿಕ್ಕ ವಯಸ್ಸಿನಲ್ಲಿ ಇಲ್ಲಿಯೇ ಒಮಾನಿನ ಸೂರ್‌ನ ಗ್ಯಾಸ್ ಪ್ಲಾಂಟಿನಲ್ಲಿ ಕಂಟ್ರಾಕ್ಟರ್ ಕಡೆಯಿಂದ ಸ್ಟೋರ್ ಕೆಲಸಕ್ಕಿದ್ದರು. ಅಲ್ಲಿ ಒಬ್ಬ ಅಮೆರಿಕನ್ ಸೂಪರ್‌ವೈಸರ್. ಆ ಮನುಷ್ಯನಿಗೆ ತನ್ನ ಊರಿನ ಸೋಲುವ ತಂಡದ ಬಗ್ಗೆ ಮಾತಾಡಲು ಯಾರೂ ಸಿಕ್ಕಿರಲಿಲ್ಲ. ಭಾವನಿಗೆ ಇಂಗ್ಲಿಷ್ ಕಲಿಯಲು ಯಾರೂ ಸಿಕ್ಕಿರಲಿಲ್ಲ. ಎರಡು ವರ್ಷದಲ್ಲಿ ಇಬ್ಬರದೂ ಕೆಲಸವಾಯಿತು. ಅದರ ಪರಿಣಾಮ ಏನೆಂದರೆ ಭಾವ ಇವತ್ತಿಗೂ ಇಂಗ್ಲಿಷಿನಲ್ಲಿ ಸಿಟ್ಟು ಬಂದರೆ ಬೇಸ್‌ಬಾಲಿನ ಪದಗಳಲ್ಲೇ ಬೈಯುತ್ತಾರೆ. ಬೈಸಿಕೊಂಡವರು ಯಾವುದೋ ಮೆಷಿನಿನ ಪಾರ್ಟಿನ ಹೆಸರು ಎಂದುಕೊಂಡು ತಂದುಕೊಡಲು ಹೋಗುತ್ತಾರೆ.

ಅಲ್ಲಿಯ ಸಂಜೆ ಆಟ ಇಲ್ಲಿಯ ಬೆಳಗಿನ ಆರು ಗಂಟೆಗೆ. ಭಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲುಂಗಿ ಉಟ್ಟು, ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಎದುರು ಕೂರುತ್ತಾರೆ. ಕಣ್ಣು ಅರ್ಧ ಮುಚ್ಚಿರುತ್ತದೆ, ತುಟಿ ಅಲ್ಲಾಡುತ್ತಿರುತ್ತದೆ. ಪಕ್ಕದ ಫ್ಲಾಟಿನ ಮಲಯಾಳಿ ಅಮ್ಮ ಅದನ್ನು ಜಪ ಎಂದೇ ತಿಳಿದಿದ್ದಾರೆ. ಒಮ್ಮೆ ಅಕ್ಕನ ಹತ್ತಿರ ಬಂದು, ನಿಮ್ಮ ಯಜಮಾನರು ನಮ್ಮ ಮಗನಿಗೂ ಸ್ವಲ್ಪ ಆ ಶಿಸ್ತು ಹೇಳಿಕೊಡಲಿ ಎಂದು ಬೇಡಿಕೊಂಡರಂತೆ. ಅಕ್ಕ ಅವರಿಗೆ ಚಹಾ ಕೊಟ್ಟು ಕಳಿಸಿದಳು.

ಆ ಮಾಲೀಕ ಮಾಡಿದ ತಪ್ಪಾದರೂ ಏನು? ಅವನದು ಬಡ ತಂಡ. ಬಡ ಎಂದರೆ ಅಮೆರಿಕದ ಲೆಕ್ಕದಲ್ಲಿ ಬಡ. ಕೆಲವು ವರ್ಷಗಳ ಹಿಂದೆ ಆತ ಕೈಯಲ್ಲಿದ್ದ ಬಂಡವಾಳವನ್ನೆಲ್ಲ ಸುರಿದು ಒಬ್ಬ ಹೆಸರಾಂತ ಪಿಚರನ್ನು, ಅಂದರೆ ಅವರ ಬೌಲರನ್ನು, ತಂದ. ಮೂರನೇ ಆಟದಲ್ಲೇ ಅವನ ಮೊಣಕೈ ಕೈಕೊಟ್ಟಿತು. ಆಪರೇಷನ್, ವಿಶ್ರಾಂತಿ, ಒಂದೂವರೆ ವರ್ಷ ಕೂತು ಸಂಬಳ. ಆ ಬೆಳಿಗ್ಗೆ ಭಾವ ದೋಸೆ ಮುಟ್ಟಲಿಲ್ಲ.

"ಎಸೆಯುವವನ ತೋಳು ಅಂದ್ರೆ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಮಾರಾಯ," ಎಂದರು ನನಗೆ. "ಹೊರಗಿಂದ ಪಾಲಿಶ್ ಉಂಟು. ಒಳಗೆ ಎಂತ ಸವೆದಿದೆ ಅಂತ ಬ್ರಹ್ಮನಿಗೂ ಗೊತ್ತಿಲ್ಲ. ದುಡ್ಡಿದ್ದವ ಒಂದು ಹೋದ್ರೆ ಇನ್ನೊಂದು ತರ್ತಾನೆ. ಇಲ್ಲದವ ಅದೇ ದುಡ್ಡಲ್ಲಿ ಹತ್ತು ಒಳ್ಳೆ ಬೇರಿಂಗ್ ತಗೊಳ್ಬೇಕು. ಗಾಡಿ ಓಡುದು ಬೇರಿಂಗಲ್ಲಿ."

"ಆ ಪಿಚರ್ ದಿನಾ ಆಡ್ತಾನಾ?" ಎಂದಳು ಅಕ್ಕ ಒಲೆಯ ಹತ್ತಿರದಿಂದ.

"ಐದು ದಿನಕ್ಕೊಮ್ಮೆ."

"ಐದು ದಿನಕ್ಕೊಮ್ಮೆ ಕೆಲಸ ಮಾಡುವವನಿಗೆ ಅಷ್ಟು ಸಂಬಳವಾ? ನಾನು ದಿನಕ್ಕೆ ಮೂರು ಸಲ ಮಾಡ್ತೇನೆ."

ಭಾವ ಇದನ್ನೂ ತಮ್ಮ ಸಿದ್ಧಾಂತಕ್ಕೆ ಬಲವಾದ ಪುರಾವೆಯೆಂದೇ ಸ್ವೀಕರಿಸಿದರು. ಆ ವಾರವೇ ಮಾಲೀಕನಿಗೆ ನಾಲ್ಕು ಪುಟದ ಇಮೇಲ್ ಹೋಯಿತು. ಎರಡು ನಿಮಿಷದಲ್ಲಿ ಉತ್ತರವೂ ಬಂತು. ನಿಮ್ಮ ಅಭಿಪ್ರಾಯಕ್ಕೆ ವಂದನೆಗಳು, ಬರುವ ಮಂಗಳವಾರದ ಪಂದ್ಯಕ್ಕೆ ಕುಟುಂಬಸಮೇತ ಬಂದರೆ ಟಿಕೆಟಿನಲ್ಲಿ ರಿಯಾಯಿತಿ ಇದೆ, ಎಂದು. ಆವತ್ತಿನಿಂದ ಅದು ದ್ವೇಷವಾಯಿತು.

ಮನೆಯಲ್ಲೂ ಅದೇ ಸಿದ್ಧಾಂತ. ಅಕ್ಕನಿಗೆ ದೊಡ್ಡ ಫ್ರಿಜ್ ಬೇಕಿತ್ತು. ಭಾವ ಎರಡು ಚಿಕ್ಕ ಫ್ರಿಜ್ ತಂದರು. ಒಂದು ಕೈಕೊಟ್ಟರೂ ತಂಡ ಆಡುತ್ತಿರಬೇಕಂತೆ. ಸೊಸೆ, ಅಂದರೆ ಅವರ ಮಗಳು, ಹತ್ತನೇ ತರಗತಿಯ ಟ್ಯೂಷನ್ನಿಗೆ ಊರಿಗೆಲ್ಲ ಹೆಸರಾದ ಒಬ್ಬ ಮೇಷ್ಟ್ರನ್ನು ಕೇಳಿದಳು. ಭಾವ ನಾಲ್ವರು ಸಾಧಾರಣ ಮೇಷ್ಟ್ರುಗಳನ್ನು ಗೊತ್ತುಮಾಡಿದರು. "ಪಪ್ಪಾ, ದಿಸ್ ಈಸ್ ನಾಟ್ ಬೇಸ್‌ಬಾಲ್," ಎಂದಳು ಅವಳು. "ಎಲ್ಲವೂ ಬೇಸ್‌ಬಾಲೇ ಮಗಾ," ಎಂದರು ಭಾವ. ನಾಲ್ವರು ಮೇಷ್ಟ್ರುಗಳು ಒಂದೇ ಲೆಕ್ಕವನ್ನು ನಾಲ್ಕು ರೀತಿ ಹೇಳಿಕೊಟ್ಟರು, ಅವಳು ಐದನೆಯ ರೀತಿಯಲ್ಲಿ ಮಾಡಿ ಒಳ್ಳೆಯ ಅಂಕ ತೆಗೆದಳು. ಭಾವನ ಮುಖ ನೋಡಬೇಕಿತ್ತು ಆವತ್ತು!

ಇನ್ನು ನಮ್ಮ ತಂಡದ ಮಾತಿಗೆ ಬರುತ್ತೇನೆ. ನಮ್ಮದು ಕ್ರಿಕೆಟ್ ತಂಡ. ಟೆನಿಸ್ ಬಾಲು, ಎಂಟು ಓವರು, ಪ್ರತಿ ಶುಕ್ರವಾರ ಬೆಳಿಗ್ಗೆ. ಕರಾವಳಿಯವರೇ ಸೇರಿ ಹದಿಮೂರು ವರ್ಷದ ಹಿಂದೆ ಕಟ್ಟಿದ್ದು. ಒಬ್ಬ ಕ್ಷೌರಿಕ, ಇಬ್ಬರು ಅಡುಗೆಯವರು, ಮೂವರು ಗುಮಾಸ್ತರು, ಉಳಿದವರು ಡ್ರೈವರುಗಳು. ಕ್ಯಾಪ್ಟನ್ ಶೇಖರ ಒಂದು ಬೇಕರಿಯ ವ್ಯಾನ್ ಓಡಿಸುತ್ತಾನೆ. ಜನ್ಮದಲ್ಲಿ ಬ್ಯಾಟು ಹಿಡಿಯದ ಭಾವ ನಮ್ಮ ಮ್ಯಾನೇಜರ್, ತಂಡದವರೆಲ್ಲರಿಗೂ ಅವರು ಭಾವನೇ. ಬೆಳಿಗ್ಗೆ ಐದೂವರೆಗೆ ಎಲ್ಲರ ಬಾಗಿಲು ಬಡಿದು ಎಬ್ಬಿಸುವ ಕೆಲಸ ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ, ಹಾಗಾಗಿ.

ಬಾಗಿಲು ಬಡಿಯುವುದಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಒಬ್ಬನಿಗೆ ಶುಕ್ರವಾರ ಡ್ಯೂಟಿ ಬಿದ್ದರೆ ಭಾವ ಅವನ ಮುದೀರ್, ಅಂದರೆ ಕೆಲಸದ ಮೇಲಧಿಕಾರಿಯ ಹತ್ತಿರ ಹೋಗಿ, ಹರಕು ಅರಬ್ಬಿಯಲ್ಲಿ ಅರ್ಧ ಗಂಟೆ ಕುಶಲ ವಿಚಾರಿಸಿ, ಕೊನೆಗೆ ರಜೆ ಗಿಟ್ಟಿಸಿಕೊಂಡೇ ಬರುತ್ತಿದ್ದರು. ಯಾರದ್ದಾದರೂ ಊರಲ್ಲಿ ಸಾವಾದರೆ ಟಿಕೆಟ್ ಮಾಡಿಸಿ ಏರ್‌ಪೋರ್ಟಿಗೆ ಬಿಡುವುದು ಅವರೇ. ಸೋತ ದಿನ ಎಲ್ಲರಿಗೂ ಕರಕ್ ಚಹಾ ಅವರದ್ದು. ನಾವು ಎಷ್ಟು ಸೋಲುತ್ತಿದ್ದೆವೆಂದರೆ ಆ ಚಹಾ ಅಂಗಡಿಯವನು ನಮ್ಮ ಸೋಲಿನ ಮೇಲೆ ಒಂದು ಮಹಡಿ ಕಟ್ಟಿರಬೇಕು.

ಕಳೆದ ಸೀಸನ್ ಶುರುವಾಗುವ ಮೊದಲು ನಾವು ಆಡುವ ಲೀಗಿನವರು ಹೊಸ ನಿಯಮ ತಂದರು. ಕೊನೆಯ ಸ್ಥಾನಕ್ಕೆ ಬಂದ ತಂಡ ಲೀಗಿನಿಂದ ಹೊರಗೆ. ಹೊರಗೆ ಕಾಯುತ್ತಿರುವ ತಂಡಗಳ ಸಾಲು ಉದ್ದವಿತ್ತು, ಒಮ್ಮೆ ಹೋದರೆ ಮತ್ತೆ ಒಳಗೆ ಬರುವುದು ಕನಸಿನ ಮಾತು. ನಾವು ಹಿಂದಿನ ಎರಡು ವರ್ಷ ಕೊನೆಯಿಂದ ಎರಡನೆಯವರು. ಆ ಗೌರವವನ್ನು ಇನ್ನು ಉಳಿಸಿಕೊಳ್ಳುವುದು ಕಷ್ಟವಿತ್ತು.

ಮೀಟಿಂಗ್ ಕರೆದರು. ಒಂದು ಹೋಟೆಲಿನ ಮೂಲೆಯ ಟೇಬಲ್, ಹನ್ನೊಂದು ಪರೋಟ. ಶೇಖರ ನೇರ ವಿಷಯಕ್ಕೆ ಬಂದ.

"ಘಾಲಾದ ಒಂದು ಗ್ಯಾರೇಜಲ್ಲಿ ಬಸವರಾಜ ಅಂತ ಇದ್ದಾನೆ. ಗದಗದ ಕಡೆಯವ. ವೆಲ್ಡರ್. ಅವನ ಬಾಲು ಕಣ್ಣಿಗೆ ಕಾಣುದಿಲ್ಲ, ಶಬ್ದ ಮಾತ್ರ ಕೇಳ್ತದೆ. ಯಾವ ತಂಡದಲ್ಲೂ ಇಲ್ಲ ಈಗ. ವರ್ಷದ ಚಂದಾ ಪೂರ್ತಿ ಅವನಿಗೆ ಕೊಡುವ. ಬಂದೇ ಬರ್ತಾನೆ."

"ಪೂರ್ತಿ?" ಎಂದರು ಭಾವ.

"ಪೂರ್ತಿ."

ಭಾವ ಕೈ ತೊಳೆದು ಬಂದು ಕೂತರು. ಕೈ ತೊಳೆದರೆಂದರೆ ಉಪನ್ಯಾಸ ಎಂದು ನನಗೆ ಗೊತ್ತು. ಅಮೆರಿಕದಿಂದಲೇ ಶುರುವಾಯಿತು. ಅಲ್ಲಿ ಫ್ರೀ ಏಜೆಂಟ್ ಎಂಬ ಜಾತಿಯ ಆಟಗಾರರಿರುತ್ತಾರೆ, ಬಡ ತಂಡ ಅಂಥವರ ಮೇಲೆ ಇದ್ದದ್ದನ್ನೆಲ್ಲ ಸುರಿದರೆ ಹೇಗೆ ಮುಳುಗುತ್ತದೆ, ಇತ್ಯಾದಿ.

"ಫ್ರೀ ಏಜೆಂಟ್ ಅಂದ್ರೆ ಎಂತ?" ಎಂದ ಅಡುಗೆಯವರಲ್ಲೊಬ್ಬ.

"ಕಾಂಟ್ರಾಕ್ಟ್ ಮುಗಿದವ. ಮುಗಿದ ಮೇಲೆ ಅವನನ್ನು ಯಾರೂ ಹಿಡ್ಕೊಳ್ಳುವ ಹಾಗಿಲ್ಲ. ಯಾರು ಜಾಸ್ತಿ ಕೊಡ್ತಾರೋ ಅವರ ಹತ್ರ ಹೋಗ್ಬಹುದು."

"ರಿಲೀಸ್ ಲೆಟರ್?"

"ಬೇಡ."

"ಕಫೀಲ್ ಒಪ್ಪದಿದ್ದರೆ?"

"ಒಪ್ಪುವ ಪ್ರಶ್ನೆಯೇ ಇಲ್ಲ."

ಟೇಬಲಿನ ಸುತ್ತ ಹನ್ನೊಂದು ಜನ ಕೈಯಲ್ಲಿ ಪರೋಟ ಹಿಡಿದುಕೊಂಡು ಅಂಥದ್ದೊಂದು ಲೋಕವನ್ನು ಕಲ್ಪಿಸಿಕೊಳ್ಳುತ್ತಿದ್ದರು. ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ರಿಲೀಸ್ ಲೆಟರ್ ಬರೆದುಕೊಡದೆ ನಾವು ಕೆಲಸ ಬದಲಿಸುವಂತಿರಲಿಲ್ಲ. ಈಗ ಇಲ್ಲಿಯ ಕಾನೂನೂ ಎಷ್ಟೋ ಬದಲಾಗಿದೆ, ಆದರೂ ಬಂದ ಹೊಸತರಲ್ಲಿ ಹೊಕ್ಕ ಭಯ ಸುಲಭಕ್ಕೆ ಹೋಗುವುದಿಲ್ಲ. ಕ್ಷೌರಿಕ ಕೇಳಿದ, "ಭಾವ, ಆ ಅಮೆರಿಕದಲ್ಲಿ ಕಟಿಂಗ್ ಮಾಡುವವರಿಗೆ ಹಾಗೆ ಉಂಟಾ?" ಅಷ್ಟರಲ್ಲಿ ಉಪನ್ಯಾಸದ ದಾರಿ ತಪ್ಪಿ, ಮತ ಹಾಕಿದಾಗ ಭಾವನ ಕಡೆಗೆ ಬಿದ್ದದ್ದು ಒಂದೇ ಮತ. ಅದು ಭಾವನದು. ನಾನೂ ಹಾಕಲಿಲ್ಲ. ನನಗೂ ಒಮ್ಮೆ ಗೆದ್ದು ನೋಡಬೇಕಿತ್ತು.

ಸೋತ ಮನುಷ್ಯ ಏನು ಮಾಡಬೇಕು? ಮುಖ ಊದಿಸಿಕೊಂಡು ಕೂರಬೇಕು. ಭಾವ ಮರುದಿನವೇ ನನ್ನನ್ನು ಕರೆದುಕೊಂಡು ಬಸವರಾಜನನ್ನು ನೋಡಲು ಗ್ಯಾರೇಜಿಗೆ ಹೊರಟರು. "ತರುದು ಅಂತ ಆದ ಮೇಲೆ ಚಂದ ಮಾಡಿ ತರ್ಬೇಕು," ಎಂದರು.

ಗ್ಯಾರೇಜಿನ ಹಿಂದೆ ಅವರ ಕ್ಯಾಂಪು. ಒಂದೇ ಕೋಣೆಯಲ್ಲಿ ಎಂಟು ಜನ. ಬಸವರಾಜ ಮೂವತ್ತು ದಾಟಿದ, ಗಟ್ಟಿ ಮೈಯ, ಮೆಲುಮಾತಿನ ಮನುಷ್ಯ. ಭಾವ ಅವನ ಬಲಭುಜವನ್ನು ಹಿಂದಿನಿಂದ ಮುಂದಿನಿಂದ ಒತ್ತಿ ನೋಡಿದರು, ಮೇಲೆತ್ತಿ ತಿರುಗಿಸಿದರು, ಕಿವಿಯಿಟ್ಟು ಶಬ್ದ ಬರುತ್ತದೋ ಎಂದೂ ಕೇಳಿದರು. ಇಷ್ಟಾದ ಮೇಲೆ ಅವನನ್ನು ಕೇಳಿದ ಮೊದಲ ಪ್ರಶ್ನೆ ಕ್ರಿಕೆಟ್ಟಿನದಲ್ಲ.

"ಊಟಕ್ಕೆ ಎಂತ ಮಾಡ್ತಿ ನೀನು?"

"ಕ್ಯಾಂಪಿನ್ಯಾಗ ಅನ್ನ ದಾಲ್ ಇರ್ತದ್ರಿ ಅಣ್ಣಾರ. ಒಂದೊಂದ್ ದಿನ ಕೋಳಿ ಇರ್ತದ್ರಿ."

"ಮನೆ ಊಟ ಮಾಡಿ ಎಷ್ಟು ಸಮಯ ಆಯ್ತು?"

ಬಸವರಾಜ ಯೋಚಿಸಿದ. "ಊರಿಗೆ ಹೋಗಿ ಬಂದು ಮೂರು ವರ್ಷ ಆತಲ್ರಿ. ಅವಾಗ ಉಂಡದ್ದ ನೋಡ್ರಿ."

ಮುಗಿಯಿತು ಕಥೆ. ಯಾವ ಮನುಷ್ಯ ಬಡ ತಂಡ ಬೌಲರನ್ನು ತರಬಾರದೆಂದು ಹನ್ನೊಂದು ಜನರ ಎದುರು ಒಬ್ಬನೇ ವಾದಿಸಿದ್ದನೋ, ಅವನೇ ಆ ಬೌಲರನ್ನು ಗುರುವಾರ ಸಂಜೆಯೇ ಮನೆಗೆ ಕರೆತಂದ. ನಮ್ಮ ಜನರ ಸ್ವಭಾವ ನಿಮಗೆ ಗೊತ್ತಲ್ಲ. ಸಂಬಳ ಕೊಟ್ಟು ತಂದವನೇ ಆಗಲಿ, ಹೊಸ್ತಿಲು ದಾಟಿದ ಮೇಲೆ ಅವನು ನೆಂಟ. ಸುದ್ದಿ ಹಬ್ಬಿ ತಂಡದ ಮನೆಮನೆಯವರೂ ಸ್ಪರ್ಧೆಗೆ ಇಳಿದರು. ಗುರುವಾರ ರಾತ್ರಿ ಶೇಖರನ ಮನೆಯಲ್ಲಿ ಕೋರಿ ರೊಟ್ಟಿ. ಶುಕ್ರವಾರ ಬೆಳಿಗ್ಗೆ ನಮ್ಮಲ್ಲಿ ನೀರುದೋಸೆ, ಕೋಳಿಸಾರು, ಮೇಲಿಂದ ಬಾಳೆಹಣ್ಣಿನ ಹಲ್ವ. ಬೇಡವೆಂದರೆ ಅಕ್ಕ ಬೇಸರ ಮಾಡಿಕೊಂಡಾಳೆಂದು ಬಸವರಾಜ ಇಪ್ಪತ್ತೆರಡು ದೋಸೆ ತಿಂದ. ಭಾವ ಎದುರು ಕೂತು ಬಡಿಸಿದರು.

ಏಳು ಗಂಟೆಗೆ ಪಂದ್ಯ. ಮೊದಲ ಓವರ್ ನಮ್ಮ ದುಬಾರಿ ಬೌಲರಿಗೆ. ಓಡಿ ಬಂದ. ವೈಡ್. ಮತ್ತೆ ಓಡಿ ಬಂದ. ವೈಡ್. ಐದು ವೈಡ್ ಆದ ಮೇಲೆ ಓಡುವುದನ್ನು ಬಿಟ್ಟು ನಡೆದು ಬಂದ. ಏಳನೇ ಚೆಂಡಿಗೆ ಹೊಟ್ಟೆ ಹಿಡಿದುಕೊಂಡು ಮೈದಾನದಂಚಿನ ಘಾಫ್ ಮರದ ಕೆಳಗೆ ಹೋಗಿ ಮಲಗಿದವನು ಪಂದ್ಯ ಮುಗಿಯುವವರೆಗೆ ಏಳಲಿಲ್ಲ.

"ವರ್ಷದ ಚಂದಾ ಮಲಗಿದೆ ನೋಡಿ," ಎಂದ ಶೇಖರ, ಅಳುವುದೊಂದು ಬಾಕಿ.

"ಎಂಜಿನ್ ಒಳ್ಳೇದುಂಟು," ಎಂದರು ಭಾವ. "ಡೀಸೆಲ್ ಜಾಸ್ತಿ ಹಾಕಿದ್ದು ನಾವು."

ಮುಂದಿನ ವಾರದಿಂದ ನಿಯಮವಾಯಿತು. ಪಂದ್ಯಕ್ಕೆ ಮೊದಲು ಬರೀ ಎರಡು ಖರ್ಜೂರ, ಒಂದು ಲೋಟ ನೀರು. ಊಟ ಏನಿದ್ದರೂ ಆಮೇಲೆ. ಅಕ್ಕ ಅವನಿಗಾಗಿ ಜೋಳದ ಹಿಟ್ಟು ಹುಡುಕಿ ತಂದು, ಫೋನಿನಲ್ಲಿ ಅವನ ಹೆಂಡತಿಯಿಂದಲೇ ಕೇಳಿಕೊಂಡು ರೊಟ್ಟಿ ತಟ್ಟಿದಳು. ಮೊದಲ ರೊಟ್ಟಿ ಒಮಾನಿನ ನಕಾಶೆಯಂತೆ ಬಂತು. ಬಸವರಾಜ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಿರುಗಿಸಿ ನೋಡಿದ. "ಭಾಳ ಛಲೋ ಆಗೇತ್ರಿ ಅಕ್ಕಾರ," ಎಂದು ಹೇಳಿ ಆಮೇಲೆ ಮುರಿದ.

ಮತ್ತೆ ಅವನ ಬಾಲು! ಶೇಖರ ಹೇಳಿದ್ದು ಸುಳ್ಳಲ್ಲ. ನಾವು ಒಂದು ಗೆದ್ದೆವು, ಇನ್ನೊಂದು ಗೆದ್ದೆವು. ಮೂರನೆಯದು ಗೆದ್ದ ದಿನ ಚಹಾ ಅಂಗಡಿಯವನು ನಮ್ಮನ್ನು ಹುಡುಕಿಕೊಂಡು ಮೈದಾನಕ್ಕೇ ಬಂದ, ಏನಾದರೂ ತಪ್ಪಾಯಿತೇ ಎಂದು ಕೇಳಲು. ನಾನು ಭಾವನನ್ನು ಕೆಣಕಿದೆ, "ಈಗ ಎಂತ ಹೇಳ್ತೀರಿ? ನಿಮ್ಮ ಸಿದ್ಧಾಂತ?"

"ಸಿದ್ಧಾಂತ ಸರಿಯೇ ಉಂಟು. ಇವ ಸಿದ್ಧಾಂತಕ್ಕೆ ಸಿಕ್ಕದವ," ಎಂದರು. ಸೋತು ಕೂಡ ಹೀಗೆ ಗೆಲ್ಲಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಸೀಸನ್ನಿಗೆ ಎರಡು ಪಂದ್ಯ ಉಳಿದಿರುವಾಗ ಒಂದು ಸಂಜೆ ಬಸವರಾಜ ಮನೆಗೆ ಬಂದ. ರೊಟ್ಟಿ ಬೇಡವೆಂದ. ಆಗಲೇ ನಮಗೆ ಏನೋ ಆಗಿದೆ ಎಂದು ಗೊತ್ತಾಯಿತು.

ಅವನ ಗ್ಯಾರೇಜಿನ ಕಾಂಟ್ರಾಕ್ಟ್ ಇನ್ನೆರಡು ತಿಂಗಳಿಗೆ ಮುಗಿಯುತ್ತಿತ್ತು. ಗ್ಯಾರೇಜಿನವರು ಜನ ಕಡಿಮೆ ಮಾಡುತ್ತಿದ್ದರು, ಇವನದನ್ನು ಮುಂದುವರಿಸುವುದಿಲ್ಲ ಎಂದಿದ್ದರು. ಬೇರೆ ಕೆಲಸ ಸಿಗದಿದ್ದರೆ ಊರಿಗೆ ವಾಪಸ್. ಅಷ್ಟರಲ್ಲಿ ಮಸ್ಕತ್ತಿನಿಂದ ದೂರದ ಊರಾದ ಸಹಮ್‌ನ ತಂಡದವರು ಕರೆದಿದ್ದರು. ಅದು ಲೀಗಿನ ಶ್ರೀಮಂತ ತಂಡ, ಒಂದು ಸಾಗಣೆ ಕಂಪನಿಯದು. ಅವರ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಕೆಲಸ, ಇರಲು ಮನೆ, ಹೆಂಡತಿ ಮಗಳನ್ನು ಕರೆಸಿಕೊಳ್ಳುವಷ್ಟು ಸಂಬಳ. ಷರತ್ತು ಒಂದೇ. ಉಳಿದ ಎರಡು ಪಂದ್ಯ ಅವರ ಕಡೆಯಿಂದ ಆಡಬೇಕು, ಆಟ ನೋಡಿದ ಮೇಲೆ ಕಾಗದ ಕೊಡುತ್ತೇವೆ, ಎಂದಿದ್ದರು. ಲೀಗಿನ ನಿಯಮದಂತೆ ಸೀಸನ್ ನಡುವೆ ತಂಡ ಬಿಡಲು ಮ್ಯಾನೇಜರನ ರಿಲೀಸ್ ಲೆಟರ್ ಬೇಕು. ಮ್ಯಾನೇಜರ್ ಎಂದರೆ ಭಾವ.

"ನಾ ಹೋಗೂದಿಲ್ರಿ ಅಣ್ಣಾರ," ಎಂದ ಬಸವರಾಜ. "ನಿಮ್ಮ ಮನ್ಯಾಗ ಉಂಡೀನಿ. ನಿಮಗ ಹೇಳಲಾರದ ಇರಬಾರದು ಅಂತ ಹೇಳಿದ್ನಿ, ಅಷ್ಟ."

"ಮಗಳಿಗೆ ಎಷ್ಟು ವರ್ಷ?"

"ಆರು ನಡದದ್ರಿ."

"ನೀನು ಎಷ್ಟು ಸಲ ನೋಡಿದ್ದಿ?"

"ಎರಡು ಸಲ ರಿ."

ಭಾವ ಎದ್ದು ಒಳಗೆ ಹೋಗಿ ಸೊಸೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದರು. ಊಟದ ಮೇಜಿನ ಮೇಲೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದರು. ಮೂರೇ ಸಾಲು. ಕೆಳಗೆ ಸಹಿ ಹಾಕಿ ಅವನ ಕೈಗೆ ಕೊಟ್ಟರು. ಬಸವರಾಜ ತೆಗೆದುಕೊಳ್ಳಲಿಲ್ಲ. ಭಾವ ಅದನ್ನು ಮಡಿಸಿ ಅವನ ಅಂಗಿಯ ಜೇಬಿಗೆ ಹಾಕಿದರು.

"ಖಲಾಸ್," ಎಂದರು. "ಈಗ ರೊಟ್ಟಿ ತಿನ್ನು."

ಶೇಖರ ಆ ರಾತ್ರಿ ಫೋನು ಮಾಡಿ ಆಡಬಾರದ್ದೆಲ್ಲ ಆಡಿದ. ಹದಿಮೂರು ವರ್ಷದ ತಂಡ, ವರ್ಷದ ಚಂದಾ, ಎಲ್ಲವನ್ನೂ ಎದುರಾಳಿಯ ಕೈಗೆ ಕಾಗದ ಬರೆದು ಕೊಟ್ಟಿರಲ್ಲ, ನೀವು ಮ್ಯಾನೇಜರಾ ಶತ್ರುವಾ, ಎಂದ. ಭಾವ ಫೋನನ್ನು ಕಿವಿಯಿಂದ ದೂರ ಹಿಡಿದು ಕೇಳಿಸಿಕೊಂಡರು. ನನಗೂ ಸಿಟ್ಟು ಬಂದಿತ್ತು. ಕೊನೆಯ ಪಂದ್ಯ ಸಹಮ್‌ನವರ ಮೇಲೆಯೇ ಇತ್ತು! ಎರಡು ವಾರ ಕಾದಿದ್ದರೆ ಆಗುತ್ತಿರಲಿಲ್ಲವೇ ಎಂದು ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ಗೊಣಗಿದೆ.

ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಸೂರ್‌ನ ಪ್ಲಾಂಟಲ್ಲಿ ಇವರಿಗೆ ಪರ್ಮನೆಂಟ್ ಕೆಲಸ ಆಗಿತ್ತು. ಆ ಅಮೆರಿಕದವರೇ ಹೇಳಿ ಮಾಡಿಸಿದ್ದು. ಕ್ವಾರ್ಟರ್ಸ್ ಸಮೇತ," ಎಂದಳು. "ಆಗಿನ ಕಂಟ್ರಾಕ್ಟರ್ ರಿಲೀಸ್ ಕೊಡ್ಲಿಲ್ಲ. ಎರಡು ವಾರ ತಡಿ, ಎರಡು ವಾರ ತಡಿ ಅಂತಲೇ ಹೇಳಿದ. ಕೆಲಸ ಬೇರೆಯವರಿಗೆ ಹೋಯ್ತು. ನಾನು ಇಲ್ಲಿಗೆ ಬಂದದ್ದು ಆಮೇಲೆ ಏಳು ವರ್ಷಕ್ಕೆ. ನಿನಗೆ ಆಗ ಗೊತ್ತಾಗುವ ವಯಸ್ಸಲ್ಲ."

ನಾನು ಮೆಟ್ಟಿಲಿಳಿದು ನನ್ನ ಮನೆಗೆ ಹೋದೆ.

ಬಸವರಾಜನಿಲ್ಲದ ಮೊದಲ ಪಂದ್ಯ ಸೋತೆವು. ಮತ್ತೆ ಕೊನೆಯ ಸ್ಥಾನಕ್ಕೆ ಇಳಿದೆವು, ಲೆಕ್ಕ ಸ್ಪಷ್ಟವಾಯಿತು. ಸಹಮ್‌ನಲ್ಲಿ ಗೆದ್ದರೆ ಉಳಿದೆವು, ಸೋತರೆ ಹೊರಗೆ. ಶುಕ್ರವಾರ ಬೆಳಕು ಹರಿಯುವ ಮೊದಲೇ ಮೂರು ಕಾರಿನಲ್ಲಿ ಹೊರಟೆವು. ಶೇಖರ ಭಾವನ ಜೊತೆ ಮಾತು ಬಿಟ್ಟಿದ್ದ. ದಾರಿಯಲ್ಲಿ ಕ್ಷೌರಿಕನ ಫೋನು, ಮುದೀರ್ ಬಿಡಲಿಲ್ಲ, ಬರಲಾಗುವುದಿಲ್ಲ ಎಂದು. ಈಗ ನಾವು ಹತ್ತೇ ಜನ. ಎಲ್ಲರೂ ಭಾವನ ಕಡೆಗೆ ನೋಡಿದರು. ಐವತ್ತಮೂರು ವರ್ಷದ ಭಾವ ಲುಂಗಿ ಬಿಚ್ಚಿ ಯಾರದ್ದೋ ಟ್ರ್ಯಾಕ್ ಪ್ಯಾಂಟ್ ಏರಿಸಿದರು. ಹನ್ನೊಂದನೆಯವ ಸಿಕ್ಕಿದ!

ಅವರು ಮೊದಲು ಆಡಿದರು. ನಮ್ಮ ಹುಡುಗರು ಅವತ್ತು ಆಡಿದ ಹಾಗೆ ಹದಿಮೂರು ವರ್ಷದಲ್ಲಿ ಎಂದೂ ಆಡಿರಲಿಲ್ಲ. ಅವರನ್ನು ಕಟ್ಟಿಹಾಕಿದೆವು. ಆಮೇಲೆ ನಾವು ಬೆನ್ನಟ್ಟಿದೆವು, ಶೇಖರ ಒಬ್ಬನೇ ಅರ್ಧ ರನ್ನು ಹೊಡೆದ. ಕೊನೆಯ ಓವರಿಗೆ ಬಂದಾಗ ಒಂಬತ್ತು ಜನ ಔಟಾಗಿ, ಗೆಲ್ಲಲು ಎರಡು ರನ್ನು ಬೇಕಿತ್ತು. ಕ್ರೀಸಿನಲ್ಲಿ ನಾನು ಮತ್ತು ಭಾವ. ನಾನು ಆಚೆ ತುದಿಯಲ್ಲಿ, ಬ್ಯಾಟು ಹಿಡಿದು ಎದುರಿಸುವವರು ಭಾವ. ಚೆಂಡು ಬಸವರಾಜನ ಕೈಯಲ್ಲಿ.

ಗೆರೆಯಾಚೆ ಕುರ್ಚಿಯಲ್ಲಿ ಸಾಗಣೆ ಕಂಪನಿಯ ಮುದೀರ್ ಕೂತಿದ್ದರು. ಬಸವರಾಜನ ಕೆಲಸದ ಕಾಗದ ಇನ್ನೂ ಬಂದಿರಲಿಲ್ಲ.

ಬಸವರಾಜ ನನ್ನ ಪಕ್ಕದಿಂದಲೇ ಓಡಿ ಹೋದ. ಅವನ ಮುಖ ಬಿಳಿಚಿತ್ತು. ಚೆಂಡು ಮೆಲ್ಲಗೆ, ಬಹಳ ಮೆಲ್ಲಗೆ, ಭಾವನ ಬ್ಯಾಟಿನ ಎದುರಿಗೇ ಹೋಯಿತು. ಮಕ್ಕಳಿಗೆ ಹಾಕುವ ಹಾಗೆ. ಭಾವ ಬ್ಯಾಟು ಎತ್ತಲೇ ಇಲ್ಲ. ಬದಿಗೆ ಸರಿದು ಬಿಟ್ಟರು, ಚೆಂಡು ಸ್ಟಂಪಿನ ಮೇಲಿಂದ ಕೀಪರನ ಕೈ ಸೇರಿತು. ಆಮೇಲೆ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಪಿಚ್ಚಿನ ನಡುವಿಗೆ ನಡೆದು ಬಂದರು.

"ಎಂತ ಇದು?" ಎಂದರು ತಗ್ಗಿದ ದನಿಯಲ್ಲಿ. ನನಗೆ ಮತ್ತು ಅವನಿಗೆ ಮಾತ್ರ ಕೇಳುವಷ್ಟು.

"ಅಣ್ಣಾರ, ನಿಮ್ಮ ತಂಡ..."

"ನನ್ನ ತಂಡ ನಾನು ನೋಡ್ಕೊಳ್ತೇನೆ. ಅಲ್ಲಿ ನಿನ್ನ ಮುದೀರ್ ಕೂತಿದ್ದಾರೆ. ನಿನಗೆ ಬರುದನ್ನು ಹಾಕು. ಯಲ್ಲಾ, ನಡಿ."

ವಾಪಸ್ ಹೋಗಿ ನಿಂತರು. ನಾನು ಆಚೆಯಿಂದ ನೋಡುತ್ತಿದ್ದೆ. ಬ್ಯಾಟು ಹಿಡಿಯುವ ಕ್ರಮವೂ ಗೊತ್ತಿಲ್ಲ, ಪೊರಕೆ ಹಿಡಿದ ಹಾಗೆ ಹಿಡಿದಿದ್ದರು. ಆದರೆ ಈ ಬಾರಿ ಬದಿಗೆ ಸರಿಯಲಿಲ್ಲ. ಅವರಿಗೆ ಗೆಲ್ಲಬೇಕಿತ್ತು. ಅದು ಅವರ ಕಾಲಿನಲ್ಲಿ, ಕತ್ತಿನಲ್ಲಿ, ಎಲ್ಲದರಲ್ಲೂ ಕಾಣುತ್ತಿತ್ತು. ಬಸವರಾಜ ದೂರದಿಂದ ಓಡಿ ಬಂದ. ಚೆಂಡು ನನಗೆ ಕಾಣಲಿಲ್ಲ, ಶಬ್ದ ಮಾತ್ರ ಕೇಳಿತು. ಭಾವ ಬ್ಯಾಟು ಬೀಸುವಷ್ಟರಲ್ಲಿ ಹಿಂದೆ ಮೂರು ಸ್ಟಂಪಿನಲ್ಲಿ ಎರಡು ಉಳಿದಿರಲಿಲ್ಲ.

ಅವರ ಕಡೆಯವರು ಕುಣಿದರು. ಬಸವರಾಜ ಕುಣಿಯಲಿಲ್ಲ. ನೇರ ಬಂದು ಭಾವನ ಎದುರು ತಲೆ ತಗ್ಗಿಸಿ ನಿಂತ. ಭಾವ ಅವನ ಬಲಭುಜವನ್ನು ಒಮ್ಮೆ ಒತ್ತಿ ನೋಡಿದರು.

"ನೋವುಂಟಾ?"

"ಇಲ್ರಿ."

"ಹಾಗಾದ್ರೆ ಸರಿ. ಮನೆ ಕೊಡುವಾಗ ಅಂಗಳ ಇದ್ದದ್ದು ಕೇಳು. ಮಗುವಿಗೆ ಓಡ್ಲಿಕ್ಕೆ ಜಾಗ ಬೇಕು."

ಅಷ್ಟರಲ್ಲಿ ಮುದೀರ್ ಕೈಬೀಸಿ ಅವನನ್ನು ಕರೆದರು, ಕುರ್ಚಿಯಿಂದ ಎದ್ದು ನಿಂತು ಬೆನ್ನು ತಟ್ಟಿದರು. ಇದನ್ನೆಲ್ಲ ಗೆರೆಯ ಹತ್ತಿರ ನಿಂತು ನೋಡುತ್ತಿದ್ದ ಶೇಖರ ಮೆಲ್ಲನೆ ಬಂದು ಭಾವನ ಕೈಯಿಂದ ಬ್ಯಾಟು ತೆಗೆದುಕೊಂಡ. "ಕಾರಲ್ಲಿ ನೀರು ಉಂಟು ಭಾವ, ಕುಡಿರಿ," ಎಂದ. ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು.

ವಾಪಸ್ ಬರುವಾಗ ಕಾರಿನಲ್ಲಿ ನಾವಿಬ್ಬರೇ. ನಾನು ಏನಾದರೂ ತಮಾಷೆ ಹೇಳಬೇಕೆಂದು ಯೋಚಿಸುತ್ತಲೇ ಬರ್ಕಾದವರೆಗೆ ಬಂದೆ. ಏನೂ ಹೊಳೆಯಲಿಲ್ಲ. ಭಾವ ಹೊರಗೆ ನೋಡುತ್ತಿದ್ದವರು, ಇದ್ದಕ್ಕಿದ್ದಂತೆ ಹೇಳಿದರು.

"ಬೇಜಾರಾಗ್ತದೆ ಮಾರಾಯ. ಒಳ್ಳೆ ತಂಡ ಅದು. ಇನ್ನು ಶುಕ್ರವಾರ ಯಾರ ಬಾಗಿಲು ಬಡಿಯುದು ನಾನು?"

ನೋಡಿದರೆ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ನಾನು ಕಾರನ್ನು ಬದಿಗೆ ನಿಲ್ಲಿಸಿದೆ. ಇಷ್ಟು ವರ್ಷ ಅವರ ಮನೆಯ ಅನ್ನ ತಿಂದು, ಅವರನ್ನು ಬೆನ್ನ ಹಿಂದೆ ನಗಾಡಿಕೊಂಡು, ಒಂದು ಮತವನ್ನೂ ಅವರಿಗೆ ಹಾಕದ ನಾನು, ಅವರ ಕೈ ಹಿಡಿದುಕೊಂಡು ಕೂತೆ. ನನಗೆ ಈ ಮನುಷ್ಯನ ಮೇಲೆ ಎಷ್ಟು ಪ್ರೀತಿಯಿದೆಯೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಆಗ ಅವರ ಫೋನು ಹೊಡೆದುಕೊಂಡಿತು. ಬಸವರಾಜ. ಭಾವ ಗಂಟಲು ಸರಿಮಾಡಿಕೊಂಡು ಎತ್ತಿದರು. ಆಚೆಯ ದನಿ ನನಗೂ ಕೇಳುತ್ತಿತ್ತು.

"ಅಣ್ಣಾರ, ಕಾಗದ ಕೊಟ್ರು ರೀ. ಈಗ ಕೊಟ್ರು. ನೀವು ಎಲ್ಲಿ ಮುಟ್ಟಿದ್ರಿ? ಹೊಟ್ಟಿಗೆ ಏನರ ತಿಂದ್ರಿಲ್ಲೋ?"

"ತಿಂದೆವು, ತಿಂದೆವು," ಎಂದರು ಭಾವ. "ಹೊಟ್ಟೆ ತುಂಬ ಉಂಟು. ನೀನು ಮೊದಲು ಮನೆಗೆ ಫೋನು ಮಾಡು."

ಬೆಳಿಗ್ಗೆಯಿಂದ ನಾವಿಬ್ಬರೂ ಎರಡೆರಡು ಖರ್ಜೂರ ಬಿಟ್ಟರೆ ಏನೂ ತಿಂದಿರಲಿಲ್ಲ.